ಪಾಠ ಕೇಳುತ್ತ, ಪಾಠ ಹೇಳುತ್ತ

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂಬತ್ತು ಗಂಟೆಯ ಪಾಠ ಶುರುವಾಗುವುದು ಒಂಬತ್ತು ಹತ್ತಕ್ಕೆ. ನಡುವಿನ ಈ ಹತ್ತು ನಿಮಿಷಕ್ಕೆ ಅಲ್ಲಿನವರು ‘ಬರ್ಕ್ಲಿ ಟೈಮ್’ ಎನ್ನುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಹರಡಿಕೊಂಡ ಆ ಕ್ಯಾಂಪಸ್ಸಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹತ್ತಿ ಇಳಿದು ಹೋಗಲು ಅಷ್ಟು ಹೊತ್ತು ಬೇಕೇ ಬೇಕು. ಎಲ್ಲರಿಗಿಂತ ಹೆಚ್ಚಾಗಿ ಅದು ಬೇಕಾಗುವುದು ಎಂಟು ಗಂಟೆಗೆ ಬೆಂಚಿನಲ್ಲಿ ಕೂತು ಪಾಠ ಕೇಳಿ, ಒಂಬತ್ತಕ್ಕೆ ಬೋರ್ಡಿನ ಮುಂದೆ ನಿಂತು ಪಾಠ ಹೇಳಬೇಕಾದವರಿಗೆ. ಅವರು ವಿದ್ಯಾರ್ಥಿಗಳೂ ಹೌದು, ಮೇಷ್ಟರುಗಳೂ ಹೌದು.

ಬರ್ಕ್ಲಿಯಲ್ಲಿ ಇವರ ಹುದ್ದೆಯ ಹೆಸರು ಜಿಎಸ್‌ಐ, ಅಂದರೆ ಗ್ರಾಜುಯೇಟ್ ಸ್ಟೂಡೆಂಟ್ ಇನ್‌ಸ್ಟ್ರಕ್ಟರ್. ಬೇರೆಡೆ ಇದನ್ನೇ ಟಿಎ ಎನ್ನುತ್ತಾರೆ. ನಮ್ಮ ಕಡೆ ಮನೆಗಳಲ್ಲಿ ಬಳಕೆಯಲ್ಲಿರುವ ಮಾತೂ ಅದೇ. “ಮಗಳಿಗೆ ಟಿಎ ಸಿಕ್ಕಿತಂತೆ” ಎಂದು ಮೈಸೂರಿನಲ್ಲೋ ದಾವಣಗೆರೆಯಲ್ಲೋ ಅಪ್ಪ ಅಮ್ಮ ನೆಂಟರಿಗೆ ಹೇಳುವಾಗ ದೊಡ್ಡ ಭಾರ ಇಳಿದ ಸಮಾಧಾನ ಇರುತ್ತದೆ. ಅದಕ್ಕೆ ಕಾರಣವೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಾಲು ಭಾಗದಷ್ಟಾದರೂ ಬೋಧನಾ ನೇಮಕ ಸಿಕ್ಕಿದ ವಿದ್ಯಾರ್ಥಿಗೆ ಬೋಧನಾ ಶುಲ್ಕ ಮಾಫಿಯಾಗುತ್ತದೆ, ಆರೋಗ್ಯ ವಿಮೆಯ ಕಂತು ಕಟ್ಟಿಹೋಗುತ್ತದೆ, ತಿಂಗಳ ಸಂಬಳ ಬರುತ್ತದೆ. ಆದರೆ ಆ ಸಮಾಧಾನದ ಮಾತಿನಲ್ಲಿ ಟಿಎ ಎಂಬುದು ವಿದ್ಯಾರ್ಥಿವೇತನದಂತೆ, ಯಾರೋ ಕೈಯೆತ್ತಿ ಕೊಟ್ಟಂತೆ ಕೇಳಿಸುತ್ತದೆ. ಅದು ಕೊಡುಗೆಯಲ್ಲ, ಕೆಲಸ. ಗಂಟೆ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಂಡ ಕೆಲಸ.

ಆ ಲೆಕ್ಕ ಹೀಗಿದೆ. ಸಾಮಾನ್ಯವಾಗಿ ಸಿಗುವುದು ಶೇ 50ರ ನೇಮಕ. ಅಂದರೆ ವಾರಕ್ಕೆ ಸರಾಸರಿ 20 ಗಂಟೆ, ಒಂದು ಸೆಮಿಸ್ಟರಿಗೆ ಹೆಚ್ಚೆಂದರೆ 340 ಗಂಟೆ. ಕಾರ್ಮಿಕ ಒಪ್ಪಂದದಲ್ಲೇ ಈ ಮಿತಿ ಬರೆದಿದೆ. ತರಗತಿಯಲ್ಲಿ ನಿಂತ ಹೊತ್ತು ಮಾತ್ರವಲ್ಲ, ಪ್ರಾಧ್ಯಾಪಕರ ಉಪನ್ಯಾಸಕ್ಕೆ ಹೋಗಿ ಕೂರುವುದು, ಪಾಠಕ್ಕೆ ತಯಾರಾಗುವುದು, ವಿದ್ಯಾರ್ಥಿಗಳ ಇಮೇಲಿಗೆ ಉತ್ತರ ಬರೆಯುವುದು, ಪತ್ರಿಕೆ ತಿದ್ದುವುದು ಎಲ್ಲವೂ ಇದರೊಳಗೇ ಬರಬೇಕು.

ಅಮೆರಿಕದ ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯಗಳ ಪಾಠದ ಕ್ರಮ ಗೊತ್ತಿಲ್ಲದವರಿಗೆ ಇದರ ತೂಕ ಅರ್ಥವಾಗುವುದು ಕಷ್ಟ. ಅಲ್ಲಿ ಮೊದಲ ವರ್ಷದ ಗಣಿತ, ರಸಾಯನಶಾಸ್ತ್ರ, ಅರ್ಥಶಾಸ್ತ್ರದಂಥ ವಿಷಯಗಳಿಗೆ ನೂರಾರು ವಿದ್ಯಾರ್ಥಿಗಳು ಒಟ್ಟಿಗೆ ಸೇರುತ್ತಾರೆ. ಬರ್ಕ್ಲಿಯ ಆರಂಭಿಕ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಂತೂ ಕೆಲವು ಸೆಮಿಸ್ಟರುಗಳಲ್ಲಿ ಸಾವಿರಕ್ಕೂ ಮೀರಿ ಇರುತ್ತಾರೆ. ಪ್ರಾಧ್ಯಾಪಕರು ದೊಡ್ಡ ಸಭಾಂಗಣದಲ್ಲಿ ಉಪನ್ಯಾಸ ಕೊಟ್ಟು ಹೋಗುತ್ತಾರೆ. ಆಮೇಲೆ ಅದೇ ವಿದ್ಯಾರ್ಥಿಗಳನ್ನು ಇಪ್ಪತ್ತು ಮೂವತ್ತು ಜನರ ಗುಂಪುಗಳಾಗಿ ಒಡೆದು, ಒಂದೊಂದು ಗುಂಪಿಗೆ ‘ಸೆಕ್ಷನ್’ ಎಂಬ ಸಣ್ಣ ತರಗತಿ ನಡೆಸುತ್ತಾರೆ. ಹದಿನೆಂಟರ ಹುಡುಗನೊಬ್ಬ ಉಪನ್ಯಾಸದಲ್ಲಿ ಅರ್ಥವಾಗದ್ದನ್ನು ಬಾಯಿಬಿಟ್ಟು ಕೇಳುವುದು ಈ ಸೆಕ್ಷನ್ನಿನಲ್ಲಿ. ಅವನ ಹೆಸರು ಗೊತ್ತಿರುವುದು, ಅವನು ಎರಡು ವಾರದಿಂದ ಬಂದಿಲ್ಲ ಎಂದು ಗಮನಿಸುವುದು ಸೆಕ್ಷನ್ ನಡೆಸುವವರು. ಬಹುಮಟ್ಟಿಗೆ ಅವರೇ ಅವನ ಮೇಷ್ಟರು.

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಿಂದ ನೇರ ಬಂದವರಿಗೆ ಮೊದಲ ಸೆಕ್ಷನ್ ಹೊಸದೊಂದು ಪರೀಕ್ಷೆ. ನಮ್ಮಲ್ಲಿ ಪಾಠ ಅಂದರೆ ಮೇಷ್ಟರು ಹೇಳುವುದು, ಹುಡುಗರು ಬರೆದುಕೊಳ್ಳುವುದು. ಒಳ್ಳೆಯ ನೋಟ್ಸ್ ಬರೆಸಿದವರು ಒಳ್ಳೆಯ ಮೇಷ್ಟರು. ಇಲ್ಲಿ ನೋಟ್ಸ್ ಬರೆಸಲು ಹೊರಟರೆ ಐದನೇ ನಿಮಿಷಕ್ಕೆ ಮುಖಗಳೆಲ್ಲ ಲ್ಯಾಪ್‌ಟಾಪಿನ ಹಿಂದೆ ಸೇರುತ್ತವೆ. ಹಾಳೆಯೊಂದರಲ್ಲಿ ಮೂರು ಲೆಕ್ಕ ಕೊಟ್ಟು, ಮೂರು ಮೂರು ಜನರನ್ನು ಕೂರಿಸಿ, ಮೇಜಿನಿಂದ ಮೇಜಿಗೆ ಹೋಗಿ “ಈ ಹೆಜ್ಜೆ ಯಾಕೆ ಹಾಕಿದಿರಿ?” ಎಂದು ಕೇಳುತ್ತ ಅವರ ಬಾಯಿಂದಲೇ ಉತ್ತರ ಹೊರಡಿಸಬೇಕು. ಹದಿನಾರು ವರ್ಷ ತರಗತಿಯಲ್ಲಿ ಸುಮ್ಮನೆ ಕೂತು ರೂಢಿಯಾದವರು ಐವತ್ತು ನಿಮಿಷ ಬೇರೆಯವರನ್ನು ಮಾತಾಡಿಸುವ ಕಲೆ ಕಲಿಯಬೇಕು. ಅದೂ ಇಂಗ್ಲಿಷಿನಲ್ಲಿ, ಅವರ ಕಿವಿಗೆ ಹಿಡಿಸುವ ಉಚ್ಚಾರದಲ್ಲಿ.

ವಿಶ್ವವಿದ್ಯಾಲಯ ಇದಕ್ಕೆ ತರಬೇತಿಯನ್ನೇನೋ ಕೊಡುತ್ತದೆ. ಬರ್ಕ್ಲಿಯಲ್ಲಿ ಜಿಎಸ್‌ಐಗಳಿಗೆಂದೇ ಒಂದು ಬೋಧನಾ ಕೇಂದ್ರವಿದೆ. ಮೊದಲ ಸಲ ಪಾಠ ಮಾಡುವವರು ಸೆಮಿಸ್ಟರಿನ ಆರಂಭದ ಸಮ್ಮೇಳನಕ್ಕೆ ಹೋಗಬೇಕು, ಬೋಧಕರ ನೀತಿನಿಯಮಗಳ ಆನ್‌ಲೈನ್ ಕೋರ್ಸ್ ಮುಗಿಸಬೇಕು, ತಮ್ಮ ವಿಭಾಗದಲ್ಲೇ ಬೋಧನೆಯ ಬಗ್ಗೆ ಇರುವ ‘375’ ಎಂಬ ಸಂಖ್ಯೆಯ ಕೋರ್ಸ್ ತೆಗೆದುಕೊಳ್ಳಬೇಕು. ಇಂಗ್ಲಿಷ್ ಮಾತೃಭಾಷೆಯಲ್ಲದ, ಹೊರದೇಶದಲ್ಲಿ ಪದವಿ ಪಡೆದವರು ಮಾತಿನ ಇಂಗ್ಲಿಷಿನಲ್ಲಿ ಸಾಮರ್ಥ್ಯ ತೋರಿಸಬೇಕು. ಒಳ್ಳೆಯ ವ್ಯವಸ್ಥೆಯೇ. ಆದರೆ ಈ ಕೋರ್ಸಿಗೂ ವಾರದಲ್ಲಿ ಗಂಟೆಗಳು ಬೇಕು. ಅದೇ ಸೆಮಿಸ್ಟರಿನಲ್ಲಿ ಆ ವಿದ್ಯಾರ್ಥಿಗೆ ತನ್ನದೇ ಎರಡು ಮೂರು ಕೋರ್ಸುಗಳಿರುತ್ತವೆ, ತಲೆಯ ಮೇಲೆ ಪಿಎಚ್‌.ಡಿ.ಯ ಅರ್ಹತಾ ಪರೀಕ್ಷೆ ತೂಗುತ್ತಿರುತ್ತದೆ.

ಎಲ್ಲಕ್ಕಿಂತ ಹೊತ್ತು ತಿನ್ನುವುದು ತಿದ್ದುವ ಕೆಲಸ. ಎರಡು ಸೆಕ್ಷನ್, ಒಂದೊಂದರಲ್ಲಿ 30 ಜನ ಎಂದುಕೊಳ್ಳಿ. ಮಧ್ಯಾವಧಿ ಪರೀಕ್ಷೆ ಮುಗಿದ ದಿನ 60 ಉತ್ತರಪತ್ರಿಕೆ ಕೈಗೆ ಬರುತ್ತವೆ. ಒಂದಕ್ಕೆ ಹದಿನೈದು ನಿಮಿಷ ಹಿಡಿದರೂ 15 ಗಂಟೆ. ಆ ವಾರದ 20 ಗಂಟೆಯಲ್ಲಿ ಉಳಿಯುವುದು ಐದು. ಆದರೆ ಸೆಕ್ಷನ್, ವಿದ್ಯಾರ್ಥಿಗಳ ಪ್ರಶ್ನೆಗೆಂದು ಕಾದು ಕೂರುವ ‘ಆಫೀಸ್ ಅವರ್’, ಉಪನ್ಯಾಸ ಯಾವುದೂ ರದ್ದಾಗಿರುವುದಿಲ್ಲ. ಮಿತಿ ಇರುವುದು ಸರಾಸರಿಗೆ. ಪರೀಕ್ಷೆಯ ವಾರಗಳು ಆ ಸರಾಸರಿಯನ್ನು ಎಲ್ಲೆಲ್ಲಿಗೋ ಎಳೆಯುತ್ತವೆ.

ಈ ರಾಶಿಯ ಕಷ್ಟದಿಂದಲೇ ಬರ್ಕ್ಲಿಯಲ್ಲಿ ಒಂದು ಕಂಪನಿ ಹುಟ್ಟಿತು. ಕೃತಕ ಬುದ್ಧಿಮತ್ತೆಯ ಕೋರ್ಸಿನ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಟಿಎಗಳಲ್ಲಿ ಒಬ್ಬರು ಅರ್ಜುನ್ ಸಿಂಗ್. ಅವರೂ ಸಹಪಾಠಿಗಳಾದ ಸೆರ್ಗೆಯ್ ಕರಯೇವ್, ಇಬ್ರಾಹಿಂ ಅವಲ್, ಪ್ರಾಧ್ಯಾಪಕ ಪೀಟರ್ ಅಬೀಲ್ ಅವರೂ ಸೇರಿ 2014ರಲ್ಲಿ ‘ಗ್ರೇಡ್‌ಸ್ಕೋಪ್’ ಕಟ್ಟಿದರು. ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವುದು. ಒಬ್ಬ ವಿದ್ಯಾರ್ಥಿಯ ಇಡೀ ಪತ್ರಿಕೆಯ ಬದಲು ಎಲ್ಲರ ಒಂದನೇ ಪ್ರಶ್ನೆಯನ್ನು ಒಟ್ಟಿಗೆ, ಆಮೇಲೆ ಎಲ್ಲರ ಎರಡನೆಯದನ್ನು ಒಟ್ಟಿಗೆ ತಿದ್ದುವುದು. ಒಂದು ತಪ್ಪಿಗೆ ಎಷ್ಟು ಅಂಕ ಕಳೆಯಬೇಕು ಎಂದು ಒಮ್ಮೆ ಬರೆದಿಟ್ಟರೆ ಅದೇ ತಪ್ಪು ಮಾಡಿದ ಎಲ್ಲರಿಗೂ ಒಂದೇ ಗುಂಡಿಯಲ್ಲಿ ಅನ್ವಯಿಸುವುದು. ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ ಕಟ್ಟು ಬಿಚ್ಚಿ ಕೂರುವ ಅಧ್ಯಾಪಕರಿಗೆ ಇದರ ಬೆಲೆ ಕೂಡಲೇ ಗೊತ್ತಾಗುತ್ತದೆ. 2018ರಲ್ಲಿ ನಕಲು ಪತ್ತೆಮಾಡುವ ಕಂಪನಿ ‘ಟರ್ನಿಟಿನ್’ ಅದನ್ನು ಕೊಂಡುಕೊಂಡಿತು. ಈಗ ಅಮೆರಿಕದ ಕಾಲೇಜುಗಳಲ್ಲಿ ಗ್ರೇಡ್‌ಸ್ಕೋಪ್ ಮನೆಮಾತು. ತಿದ್ದುವವರ ಸಂಕಟ ಗೊತ್ತಿದ್ದವರೇ ಕಟ್ಟಿದ್ದರಿಂದ ಅದು ನಿಂತಿತು.

ಇನ್ನು ವೀಸಾದ ಮಾತು. ಎಫ್‌-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಎಲ್ಲ ಕೆಲಸಗಳೂ ಕೂಡಿ 20. ಶೇ 50ರ ಟಿಎ ನೇಮಕವೂ ಸರಿಯಾಗಿ 20. ಹಾಗಾಗಿ ಟಿಎ ಆದ ವಿದೇಶಿ ವಿದ್ಯಾರ್ಥಿ ಸಂಜೆ ಗ್ರಂಥಾಲಯದ ಕೌಂಟರಿನಲ್ಲಿ ಒಂದು ಗಂಟೆ ಕೂರಲೂ ಆಗುವುದಿಲ್ಲ. ಪಕ್ಕದ ಮೇಜಿನ ಅಮೆರಿಕನ್ ಸಹಪಾಠಿ ಬಾಡಿಗೆಗೆ ಹಣ ಸಾಲದಿದ್ದರೆ ವಾರಾಂತ್ಯದಲ್ಲಿ ಕಾಫಿ ಅಂಗಡಿಗೆ ಹೋಗುತ್ತಾಳೆ, ಹೈಸ್ಕೂಲ್ ಹುಡುಗರಿಗೆ ಮನೆಪಾಠ ಹೇಳುತ್ತಾಳೆ. ಹಾಸನದಿಂದ ಬಂದವಳಿಗೆ ಆ ದಾರಿ ಕಾನೂನಿನಲ್ಲೇ ಮುಚ್ಚಿದೆ.

ಮನೆಪಾಠದ ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಇಲ್ಲಿ ಎಡವುವವರಿದ್ದಾರೆ. ಫ್ರೀಮಾಂಟ್, ಕುಪರ್ಟಿನೊ, ಸನ್ನಿವೇಲ್ ಕಡೆ ಭಾರತೀಯ ಕುಟುಂಬಗಳು ಮಕ್ಕಳಿಗೆ ಗಣಿತ ಹೇಳಿಕೊಡುವವರನ್ನು ಹುಡುಕುತ್ತಲೇ ಇರುತ್ತವೆ. ಪರಿಚಯದವರ ಮನೆ, ನಗದು ಕೈಗೆ, ರಾತ್ರಿ ಊಟವೂ ಸಿಗುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಎಫ್‌-1 ವಿದ್ಯಾರ್ಥಿಗೆ ಅದು ಅನುಮತಿಯಿಲ್ಲದ ಉದ್ಯೋಗ. ಊಟ ತಲುಪಿಸುವ ಆ್ಯಪ್‌ಗೆ ಸೈಕಲ್ ತುಳಿದರೂ ಹಾಗೆಯೇ. ಗೊತ್ತಾದರೆ ವಿದ್ಯಾರ್ಥಿ ಸ್ಥಾನಮಾನವೇ ಹೋಗುತ್ತದೆ. ಸಹಾಯ ಮಾಡಬೇಕೆಂದಿರುವ ಕುಟುಂಬ ಊಟಕ್ಕೆ ಕರೆದರೆ ಸಾಕು, ಕೆಲಸಕ್ಕೆ ಕರೆಯುವುದು ಬೇಡ. 1973ರಿಂದ ಇರುವ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಸ್ವಯಂಸೇವಕರಾಗಿ ದುಡಿಯುವುದಕ್ಕೆ ಅಡ್ಡಿಯಿಲ್ಲ. ಸಂಬಳವಿಲ್ಲದ ಆ ಸೇವೆಯೇ ಬೇರೆ, ದುಡ್ಡಿಗೆ ಹೇಳುವ ಪಾಠವೇ ಬೇರೆ.

ಕ್ಯಾಂಪಸ್ಸಿನ ಹೊರಗೆ ಕಾನೂನುಬದ್ಧವಾಗಿ ದುಡಿಯುವ ದಾರಿಗಳೂ ಇವೆ. ಒಂದು ಶೈಕ್ಷಣಿಕ ವರ್ಷ ಕಳೆದ ಮೇಲೆ, ಓದಿನ ಅಂಗವೇ ಆದ ಕೆಲಸಕ್ಕೆ ಸಿಪಿಟಿ ಎಂಬ ಅನುಮತಿ ಸಿಗುತ್ತದೆ. ಸಿಲಿಕಾನ್ ಕಣಿವೆಯ ಬೇಸಿಗೆ ಇಂಟರ್ನ್‌ಶಿಪ್ಪುಗಳು ನಡೆಯುವುದು ಬಹುಪಾಲು ಇದರ ಮೇಲೆ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಅದೇ ಹಂತದ ಪದವಿಯ ಮೇಲೆ ಸಿಗಬೇಕಾದ, ಓಪಿಟಿ ಎಂಬ 12 ತಿಂಗಳ ಕೆಲಸದ ಅನುಮತಿ ಕೈತಪ್ಪುತ್ತದೆ. ವಿಜ್ಞಾನ, ತಂತ್ರಜ್ಞಾನ, ಗಣಿತದವರಿಗೆ ಓಪಿಟಿಯ ಮೇಲೆ ಇನ್ನೂ 24 ತಿಂಗಳು ಸೇರುವುದರಿಂದ ಅದನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ. ಕಂಪ್ಯೂಟರ್ ಸೈನ್ಸಿನ ವಿದ್ಯಾರ್ಥಿಗೆ ಬೇಸಿಗೆಯ ಮೂರು ತಿಂಗಳ ಇಂಟರ್ನ್‌ಶಿಪ್ ಇಡೀ ವರ್ಷದ ಕೊರತೆ ತುಂಬಬಹುದು. ಇತಿಹಾಸವನ್ನೋ ಭಾಷಾಶಾಸ್ತ್ರವನ್ನೋ ಓದುವವರಿಗೆ ಅಂಥ ಬೇಸಿಗೆಗಳು ಬಲು ಅಪರೂಪ.

ತೆರಿಗೆಯಲ್ಲಿ ಭಾರತೀಯರಿಗೆ ಒಂದು ಅನುಕೂಲವಿದೆ, ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ. 1989ರಲ್ಲಿ ಸಹಿಯಾದ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಭಾರತದ ವಿದ್ಯಾರ್ಥಿಗಳು ಅನಿವಾಸಿಗಳಾಗಿದ್ದರೂ ಅಮೆರಿಕನ್ನರಂತೆಯೇ ‘ಸ್ಟ್ಯಾಂಡರ್ಡ್ ಡಿಡಕ್ಷನ್’ ಪಡೆಯಬಹುದು. ಚೀನಾದ, ಕೊರಿಯಾದ ಸಹಪಾಠಿಗಳಿಗೆ ಈ ಸೌಲಭ್ಯವಿಲ್ಲ. ಜೊತೆಗೆ ಎಫ್‌-1ರವರು ಸಾಮಾನ್ಯವಾಗಿ ಮೊದಲ ಐದು ವರ್ಷ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ನ ಶೇ 7.65ರ ಕಡಿತದಿಂದಲೂ ಹೊರಗಿರುತ್ತಾರೆ. ಟಿಎ ಸಂಬಳದಲ್ಲಿ ಇದು ಸಣ್ಣ ಮೊತ್ತವಲ್ಲ.

ಟಿಎ ಸಿಗುವುದು ಬಹುತೇಕ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ. ಭಾರತದಿಂದ ಹೋಗುವವರಲ್ಲಿ ಹೆಚ್ಚಿನವರು ಸ್ನಾತಕೋತ್ತರ ಪದವಿಗೆ ಹೋಗುವವರು. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಚೀನಾವನ್ನು ಹಿಂದೆ ಹಾಕಿ ಭಾರತ ಮೊದಲ ಸ್ಥಾನಕ್ಕೆ ಬಂದ ವರ್ಷ ಅದು. ಅವರಲ್ಲಿ 1.96 ಲಕ್ಷಕ್ಕೂ ಹೆಚ್ಚು ಜನ ಪದವಿಯ ನಂತರದ ಓದಿನಲ್ಲಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ‘ಬೇ ಏರಿಯಾ’ದಲ್ಲಿ ಇಂಥವರನ್ನು ಕಾಣಬೇಕಾದರೆ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಮನೆಯನ್ನೋ ಜಮೀನನ್ನೋ ಅಡವಿಟ್ಟು ತಂದ ಬ್ಯಾಂಕ್ ಸಾಲದಲ್ಲಿ ಓದುವ ಇವರಿಗೆ ಕ್ಯಾಂಪಸ್ಸಿನ ಗಂಟೆ ಲೆಕ್ಕದ ಕೆಲಸಗಳೇ ಕೈಖರ್ಚಿನ ಆಧಾರ: ಊಟದ ಹಾಲಿನಲ್ಲಿ ಬಡಿಸುವುದು, ನಗರಸಭೆಯೂ ವಿಶ್ವವಿದ್ಯಾಲಯವೂ ಸೇರಿ ನಡೆಸುವ ಮಾರ್ಟಿನ್ ಲೂಥರ್ ಕಿಂಗ್ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಕೋರ್ಸುಗಳಿಗೆ ಗ್ರೇಡರ್ ಆಗುವುದು. ಒಂದೊಂದು ಕೆಲಸಕ್ಕೂ ಅರ್ಜಿ ಹಾಕುವವರ ಸಾಲು ಉದ್ದ. ಆ ಸಾಲಿನಲ್ಲಿ ನಿಂತವರಿಗೆ ತಿಂಗಳಿಗೆ ಸಿಗುವುದು ಬಾಡಿಗೆಯ ಪಾಲೂ ದಿನಸಿಯೂ ಕಳೆದರೆ ಮುಗಿದುಹೋಗುವ ಹಣ. ಶುಲ್ಕ ಅದರಿಂದ ಕಟ್ಟಲಾಗುವುದಿಲ್ಲ. ಹೊರಡುವ ಮುಂಚೆ “ಪಾರ್ಟ್‌ಟೈಮ್ ಮಾಡಿ ಫೀಸ್ ಕಟ್ಟಿಕೊಳ್ತೀನಿ” ಎಂದು ಮನೆಯಲ್ಲಿ ಹೇಳಿದ ಮಾತು ಮೊದಲ ಸೆಮಿಸ್ಟರಿಗೇ ಸುಳ್ಳಾಗುತ್ತದೆ.

ಓದು, ಬೋಧನೆ, ದುಡಿಮೆ ಮೂರನ್ನೂ ಒಟ್ಟಿಗೆ ಹೊರುವುದು ಈ ಊರಿಗೆ ಹೊಸದಲ್ಲ. ಸ್ಯಾನ್ ಹೋಸೆ ಸ್ಟೇಟ್ ಹುಟ್ಟಿದ್ದೇ ಹಾಗೆ. 1857ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಜಾರ್ಜ್ ಮಿನ್ಸ್ ಎಂಬವರ ಮುಂದಾಳ್ತನದಲ್ಲಿ, ಶಾಲಾ ಶಿಕ್ಷಕರನ್ನು ತಯಾರು ಮಾಡಲು ಒಂದು ಸಂಜೆಶಾಲೆ ತೆರೆಯಿತು. ಹಗಲು ಮಕ್ಕಳಿಗೆ ಪಾಠ ಹೇಳಿದವರು ಸಂಜೆ ಅಲ್ಲಿ ಬಂದು ಪಾಠ ಕೇಳುತ್ತಿದ್ದರು. 1862ರಲ್ಲಿ ಅದನ್ನು ರಾಜ್ಯ ಸರ್ಕಾರ ವಹಿಸಿಕೊಂಡಿತು, 1871ರಲ್ಲಿ ಅದು ಸ್ಯಾನ್ ಹೋಸೆಗೆ ಸ್ಥಳಾಂತರವಾಯಿತು.

ಭಾರತೀಯರ ಕಥೆಯೂ ಹಳೆಯದೇ. 1920ರಲ್ಲಿ ಪಂಜಾಬಿನಿಂದ ಬರ್ಕ್ಲಿಗೆ ಬಂದ ದಲೀಪ್ ಸಿಂಗ್ ಸೌಂದ್ ಹಣ್ಣು ಸಂರಕ್ಷಣೆ ಕಲಿಯಲು ಬಂದು ಗಣಿತಕ್ಕೆ ಹೊರಳಿದರು; 1922ರಲ್ಲಿ ಎಂ.ಎ., 1924ರಲ್ಲಿ ಪಿಎಚ್‌.ಡಿ. ಸ್ಟಾಕ್ಟನ್ನಿನ ಗುರುದ್ವಾರ ಬರ್ಕ್ಲಿಯಲ್ಲಿ ನಡೆಸುತ್ತಿದ್ದ ವಿದ್ಯಾರ್ಥಿನಿವಾಸದಲ್ಲಿ ಇದ್ದುಕೊಂಡು, ಬೇಸಿಗೆಯಲ್ಲಿ ಡಬ್ಬಿ ಆಹಾರದ ಕಾರ್ಖಾನೆಗಳಲ್ಲಿ ದುಡಿದು ಓದಿದರು. ವಾರಾನ್ನ ಉಂಡು ಓದಿದ ನಮ್ಮ ಹಿಂದಿನ ತಲೆಮಾರಿಗೆ ಊರಿನ ಏಳು ಮನೆಗಳು ಹೇಗೋ, ಆ ಹುಡುಗರಿಗೆ ಆ ನಿವಾಸ ಹಾಗೆ. ಗಣಿತದ ಡಾಕ್ಟರೇಟ್ ಕೈಯಲ್ಲಿದ್ದರೂ ಆ ಕಾಲದ ಅಮೆರಿಕ ಅವರಿಗೆ ಬೋಧನೆಯ ಹುದ್ದೆ ಕೊಡಲಿಲ್ಲ. ಅವರು ಇಂಪೀರಿಯಲ್ ಕಣಿವೆಯಲ್ಲಿ ರೈತರಾದರು. 1949ರಲ್ಲಿ ಪೌರತ್ವ ಸಿಕ್ಕಿ, 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಏಷ್ಯಾ ಮೂಲದ ಮೊದಲ ಸದಸ್ಯರಾದರು. 1922ರ ಅಕ್ಟೋಬರಿನಲ್ಲಿ ಬಂದಿಳಿದ ಜಯಪ್ರಕಾಶ ನಾರಾಯಣರೂ ಬರ್ಕ್ಲಿಯ ತರಗತಿಗಳು ಶುರುವಾಗುವವರೆಗೆ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದರು. ಶುಲ್ಕ ಏರಿದಾಗ ಅಲ್ಲಿರಲಾಗದೆ ಅಯೋವಾಕ್ಕೆ ಹೋದರು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಎ.ಕೆ. ರಾಮಾನುಜನ್. ಬೆಳಗಾವಿಯೂ ಸೇರಿ ಹಲವು ಊರುಗಳಲ್ಲಿ ಇಂಗ್ಲಿಷ್ ಪಾಠ ಹೇಳಿ, ಮೂವತ್ತರ ಆಸುಪಾಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಇಂಡಿಯಾನಾಕ್ಕೆ ಹೋದವರು ಅವರು. ಭಾಷಾಶಾಸ್ತ್ರದ ಪಿಎಚ್‌.ಡಿ. ಕೈಸೇರಿದ್ದು 1963ರಲ್ಲಿ, ಅಷ್ಟರೊಳಗೆ ಚಿಕಾಗೋದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿಯಾಗಿತ್ತು.

ಸೌಂದ್ ಕಾಲದಲ್ಲಿ ಇದೆಲ್ಲ ಒಬ್ಬೊಬ್ಬರ ಪಾಡಾಗಿತ್ತು. ಅದು ಎಲ್ಲರ ವಿಷಯವಾಗಿ ಬೀದಿಗೆ ಬಂದದ್ದು 2022ರ ನವೆಂಬರ್ 14ರಂದು.

ಆ ದಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹತ್ತೂ ಕ್ಯಾಂಪಸ್ಸುಗಳಲ್ಲಿ ಸುಮಾರು 48,000 ಜನ ಕೆಲಸ ನಿಲ್ಲಿಸಿದರು. ಟಿಎಗಳು, ಸಂಶೋಧನಾ ಸಹಾಯಕರು, ಟ್ಯೂಟರುಗಳು, ಪೋಸ್ಟ್‌ಡಾಕ್‌ಗಳು. ಅಮೆರಿಕದ ಉನ್ನತ ಶಿಕ್ಷಣ ಅಷ್ಟು ದೊಡ್ಡ ಮುಷ್ಕರವನ್ನು ಕಂಡಿರಲಿಲ್ಲ. ಇವರ ಸಂಘ ಕಾರು ಕಾರ್ಖಾನೆಗಳ ಕೆಲಸಗಾರರ ಹಳೆಯ ಒಕ್ಕೂಟವಾದ ಯುಎಡಬ್ಲ್ಯುಗೆ ಸೇರಿದ್ದು. ಕೇಳಿದ್ದು ವರ್ಷಕ್ಕೆ ಕನಿಷ್ಠ 54,000 ಡಾಲರ್. ಆಗ ಟಿಎ ಒಬ್ಬರಿಗೆ ಒಂಬತ್ತು ತಿಂಗಳಿಗೆ ಸಿಗುತ್ತಿದ್ದ ಕನಿಷ್ಠ ಸಂಬಳ ಸುಮಾರು 23,000 ಡಾಲರ್, ಅಂದರೆ ತಿಂಗಳಿಗೆ 2,600 ಡಾಲರಿಗಿಂತ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಮಲಗುವ ಕೋಣೆಯ ಮನೆಗೆ ಕೇಳುತ್ತಿದ್ದ ಬಾಡಿಗೆ 3,000 ಡಾಲರಿನ ಆಸುಪಾಸು. ಮೂವರು ನಾಲ್ವರು ಕೂಡಿ ಮನೆ ಹಿಡಿದರೂ ಸಂಬಳದ ದೊಡ್ಡ ಪಾಲು ಮೊದಲ ತಾರೀಖೇ ಕೈಬಿಡುತ್ತಿತ್ತು.

ಅದಕ್ಕೆ ಮೂರು ವರ್ಷ ಮುಂಚೆ, 2019ರ ಡಿಸೆಂಬರಿನಲ್ಲಿ, ಗುಡ್ಡದಾಚೆಯ ಸ್ಯಾಂಟಾ ಕ್ರೂಜ್ ಕ್ಯಾಂಪಸ್ಸಿನ ಟಿಎಗಳು ಬಾಡಿಗೆಯ ಹೊರೆಗೆಂದು ತಿಂಗಳಿಗೆ 1,412 ಡಾಲರ್ ಹೆಚ್ಚು ಕೇಳಿ, ವಿದ್ಯಾರ್ಥಿಗಳ ಗ್ರೇಡುಗಳನ್ನು ಸಲ್ಲಿಸದೆ ತಡೆಹಿಡಿದಿದ್ದರು. ಸಂಘದ ಒಪ್ಪಿಗೆಯಿಲ್ಲದ ಆ ಹೋರಾಟದಲ್ಲಿ ಹತ್ತಾರು ಜನ ಕೆಲಸ ಕಳೆದುಕೊಂಡರು. ಗ್ರೇಡು ತಡೆದರೆ ವಿಶ್ವವಿದ್ಯಾಲಯ ಎಷ್ಟು ಬೇಗ ತಿರುಗಿ ನೋಡುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. 2022ರಲ್ಲಿ ಅದೇ ಎಷ್ಟೋ ಪಟ್ಟು ದೊಡ್ಡದಾಗಿ ನಡೆಯಿತು. ಸೆಕ್ಷನ್‌ಗಳು ಬಂದಾದವು. ಡಿಸೆಂಬರಿನ ಪರೀಕ್ಷೆಗಳು ಕೆಲವೆಡೆ ರದ್ದಾದವು, ಕೆಲವೆಡೆ ಪತ್ರಿಕೆಗಳು ತಿದ್ದುವವರಿಲ್ಲದೆ ಉಳಿದವು. ದೊಡ್ಡ ತರಗತಿಯ ಪ್ರಾಧ್ಯಾಪಕರೊಬ್ಬರು ನೂರಾರು ಪತ್ರಿಕೆಗಳನ್ನು ಒಬ್ಬರೇ ತಿದ್ದಲು ಸಾಧ್ಯವೇ ಇರಲಿಲ್ಲ. ವಿಶ್ವವಿದ್ಯಾಲಯದ ದಿನನಿತ್ಯದ ಬೋಧನೆ ಯಾರ ಹೆಗಲ ಮೇಲೆ ನಿಂತಿದೆ ಎಂಬುದು ಆ ಆರು ವಾರಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಡಿಸೆಂಬರ್ 23ರಂದು ಒಪ್ಪಂದಕ್ಕೆ ಮತ ಬಿತ್ತು. 2024ರ ಅಕ್ಟೋಬರ್ ಹೊತ್ತಿಗೆ ಶೇ 50ರ ಟಿಎಗೆ ಒಂಬತ್ತು ತಿಂಗಳ ಕನಿಷ್ಠ ಸಂಬಳ 34,000 ಡಾಲರ್. ಬಾಡಿಗೆ ದುಬಾರಿಯಾದ ಬರ್ಕ್ಲಿ, ಸ್ಯಾನ್ ಫ್ರಾನ್ಸಿಸ್ಕೋ, ಲಾಸ್ ಏಂಜಲೀಸ್ ಕ್ಯಾಂಪಸ್ಸುಗಳಲ್ಲಿ 36,500. ಕೇಳಿದ 54,000ಕ್ಕೂ ಇದಕ್ಕೂ ಅಂತರ ದೊಡ್ಡದು. ಟಿಎ ಸಂಘದಲ್ಲಿ ಶೇ 40ಕ್ಕೆ ಹತ್ತಿರದಷ್ಟು ಜನ ‘ಬೇಡ’ ಎಂದೇ ಮತ ಹಾಕಿದರು. ಆದರೂ ಎರಡು ವರ್ಷದೊಳಗೆ ಕನಿಷ್ಠ ಸಂಬಳ ಸುಮಾರು ಅರ್ಧದಷ್ಟು ಏರುವುದು ಯಾವ ಉದ್ಯೋಗದಲ್ಲೂ ದೊಡ್ಡ ಮಾತು. ಕೊಲ್ಲಿಯ ಆಚೆ ಖಾಸಗಿ ಸ್ಟ್ಯಾನ್‌ಫರ್ಡಿನ ಸಂಶೋಧನಾ ವಿದ್ಯಾರ್ಥಿಗಳು 2023ರ ಜುಲೈನಲ್ಲಿ ಶೇ 94 ಮತದಿಂದ ತಮ್ಮ ಸಂಘ ಕಟ್ಟಿಕೊಂಡರು. 2024ರ ನವೆಂಬರಿನಲ್ಲಿ, ಮುಷ್ಕರಕ್ಕೆ ದಿನ ಗೊತ್ತುಮಾಡಿದ ಮೇಲೆ, ಅವರಿಗೂ ಒಪ್ಪಂದ ಸಿಕ್ಕಿತು.

ವೀಸಾದ ಮೇಲಿರುವವರು ಇಂಥ ಮುಷ್ಕರಕ್ಕೆ ಇಳಿಯುವುದು ಸುಲಭವಲ್ಲ. ಸಂಘಕ್ಕೆ ಸೇರುವ, ಕಾನೂನುಬದ್ಧ ಮುಷ್ಕರದಲ್ಲಿ ನಿಲ್ಲುವ ಹಕ್ಕು ಅವರಿಗೂ ಇದೆ. ಆದರೆ ಹಕ್ಕಿದೆ ಎಂದು ಗೊತ್ತಿರುವುದಕ್ಕೂ, ಊರಲ್ಲಿ ಸಾಲದ ಕಂತು ನಡೆಯುತ್ತಿರುವಾಗ ಫಲಕ ಹಿಡಿದು ಬರ್ಕ್ಲಿಯ ಸ್ಪ್ರೌಲ್ ಪ್ಲಾಜಾದಲ್ಲಿ ನಿಲ್ಲುವುದಕ್ಕೂ ನಡುವೆ ದೂರ ಬಹಳ. ಹೊರದೇಶದವರಿಗೆ ಮತ್ತೊಂದು ಭಾರವೂ ಇದೆ. ಬೇರೆ ರಾಜ್ಯದಿಂದ ಬಂದ ಅಮೆರಿಕನ್ ವಿದ್ಯಾರ್ಥಿ ಒಂದು ವರ್ಷದ ನಂತರ ಕ್ಯಾಲಿಫೋರ್ನಿಯಾ ನಿವಾಸಿಯಾಗಬಹುದು, ಎಫ್‌-1ರವರು ಆಗಲಾರರು. ಅವರ ತಲೆಯ ಮೇಲೆ ವರ್ಷಕ್ಕೆ 15,102 ಡಾಲರಿನ ಹೆಚ್ಚುವರಿ ಶುಲ್ಕ ನಿಲ್ಲುತ್ತದೆ. ಪಿಎಚ್‌.ಡಿ. ಅರ್ಹತಾ ಪರೀಕ್ಷೆ ದಾಟಿ ‘ಕ್ಯಾಂಡಿಡೇಟ್’ ಆದವರಿಗೆ ಮೂರು ವರ್ಷದ ಮಟ್ಟಿಗೆ ಇದು ಮಾಫಿ. ಅದಕ್ಕಾಗಿಯೇ ವಿಭಾಗಗಳು ವಿದೇಶಿ ವಿದ್ಯಾರ್ಥಿಗಳು ಆ ಪರೀಕ್ಷೆ ಬೇಗ ಮುಗಿಸಲಿ ಎಂದು ಅವಸರಿಸುತ್ತವೆ. ಟಿಎ ಕೆಲಸದ 340 ಗಂಟೆ ಕಚ್ಚುವುದು ಇಲ್ಲಿ: ತಿದ್ದುತ್ತ ಕಳೆದ ಒಂದೊಂದು ರಾತ್ರಿಯೂ ಆ ಪರೀಕ್ಷೆಯ ತಯಾರಿಯಿಂದ ಕಡಿದುಕೊಂಡದ್ದು.

ಇದನ್ನು ಓದುವ ಕರ್ನಾಟಕದ ಅತಿಥಿ ಉಪನ್ಯಾಸಕರಿಗೆ ಪರಿಸ್ಥಿತಿ ಅಪರಿಚಿತವೇನಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚಿನ ಅತಿಥಿ ಉಪನ್ಯಾಸಕರಿಂದ. ಅವರಲ್ಲಿ ಅನೇಕರು ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡು, ವಾರವಿಡೀ ಪಾಠ ಹೇಳಿ, ರಜೆಯಲ್ಲಿ ಪ್ರಬಂಧ ಬರೆಯುವವರು. 2022ರ ಜನವರಿಯಲ್ಲಿ ಅವರ ಗೌರವಧನ ಅರ್ಹತೆಗೆ ತಕ್ಕಂತೆ ತಿಂಗಳಿಗೆ 26,000ದಿಂದ 32,000 ರೂಪಾಯಿಯವರೆಗೆ ಏರಿತು, ಜೊತೆಗೆ ವಾರದ ಬೋಧನೆ 15 ಗಂಟೆಗೆ ಏರಿತು. 2023ರ ನವೆಂಬರಿನಿಂದ ಸೇವಾ ಭದ್ರತೆಗಾಗಿ ತರಗತಿ ಬಹಿಷ್ಕರಿಸಿದ ಅವರು 2024ರ ಆರಂಭದಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಬರ್ಕ್ಲಿಯ ಟಿಎಗೂ ಚಿತ್ರದುರ್ಗದ ಅತಿಥಿ ಉಪನ್ಯಾಸಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ತಯಾರಿಗೂ ತಿದ್ದುವುದಕ್ಕೂ ಹಿಡಿದ ಹೊತ್ತು ಅಲ್ಲಿ ಒಪ್ಪಂದದ ಗಂಟೆಗಳೊಳಗೆ ಬರುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ತರಗತಿಯಲ್ಲಿ ನಿಂತ ಹೊತ್ತು. ಅಲ್ಲಿಂದ ನಾವು ಕಲಿಯಬೇಕಾದದ್ದು ಏನಾದರೂ ಇದ್ದರೆ ಅದು ಈ ಎಣಿಕೆ.

ಅಮೆರಿಕದಲ್ಲೂ ಎಲ್ಲ ಬೋಧಕರಿಗೆ ಆ ರಕ್ಷಣೆಯಿಲ್ಲ. ಓದು ಮುಗಿಸಿ, ಇನ್ನೂ ಕಾಯಂ ಹುದ್ದೆ ಸಿಗದವರು ಬೇ ಏರಿಯಾದ ಸಮುದಾಯ ಕಾಲೇಜುಗಳಲ್ಲಿ ಅರೆಕಾಲಿಕರಾಗಿ ಪಾಠ ಹೇಳುತ್ತಾರೆ. ಕ್ಯಾಲಿಫೋರ್ನಿಯಾ ಕಾನೂನಿನಂತೆ ಅರೆಕಾಲಿಕರಿಗೆ ಒಂದು ಕಾಲೇಜು ಜಿಲ್ಲೆಯಲ್ಲಿ ಪೂರ್ಣಾವಧಿಯ ಶೇ 67ಕ್ಕಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ಹೊಟ್ಟೆ ತುಂಬಬೇಕಾದರೆ ಎರಡು ಮೂರು ಜಿಲ್ಲೆ ಸುತ್ತಬೇಕು: ಬೆಳಿಗ್ಗೆ ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋ, ಮಧ್ಯಾಹ್ನ ಓಕ್‌ಲ್ಯಾಂಡಿನ ಲೇನಿ, ಸಂಜೆ ಹೇವರ್ಡಿನ ಶಾಬೋ. ದಿನದ ಬಹುಪಾಲು ಹೆದ್ದಾರಿಯಲ್ಲೇ ಕಳೆಯುವ ಇವರಿಗೆ ಅಲ್ಲಿ ‘ಫ್ರೀವೇ ಫ್ಲೈಯರ್’ ಎಂಬ ಹೆಸರೇ ಬಿದ್ದಿದೆ.

ಈ ವರ್ಷ ಪ್ರವೇಶಪತ್ರ ಕೈಗೆ ಬಂದಿರುವ ಕನ್ನಡದ ಹುಡುಗ ಹುಡುಗಿಯರಿಗೆ ಒಂದು ದಿನಾಂಕ ಮುಖ್ಯ: ಏಪ್ರಿಲ್ 15. ಅಮೆರಿಕದ ಬಹುತೇಕ ಪದವೀಧರ ಶಾಲೆಗಳು ಒಪ್ಪಿಕೊಂಡ ನಿಯಮದಂತೆ, ಆರ್ಥಿಕ ನೆರವಿನ ಆಹ್ವಾನಕ್ಕೆ ಅದಕ್ಕೂ ಮುಂಚೆ ಉತ್ತರ ಕೊಡಬೇಕೆಂದು ಒತ್ತಾಯಿಸುವಂತಿಲ್ಲ. ಅಷ್ಟರೊಳಗೆ ವಿಭಾಗದ ಕಚೇರಿಗೆ ಬರೆದು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಸಂಬಳ ಒಂಬತ್ತು ತಿಂಗಳದ್ದೋ ಹನ್ನೆರಡರದ್ದೋ? ಒಂಬತ್ತಾದರೆ ಬೇಸಿಗೆಗೆ ಏನು ದಾರಿ? ಟಿಎ ನೇಮಕ ಎಷ್ಟು ವರ್ಷಕ್ಕೆ ಖಾತ್ರಿ, ಪ್ರತಿ ಸೆಮಿಸ್ಟರೂ ಅರ್ಜಿ ಹಾಕಬೇಕೆ? ಮೊದಲ ವರ್ಷವೇ ಪಾಠ ಹೇಳಬೇಕೆ, ಒಂದು ವರ್ಷವಾದರೂ ಫೆಲೋಶಿಪ್ ಇದೆಯೆ? ನಿವಾಸಿಗಳಲ್ಲದವರ ಹೆಚ್ಚುವರಿ ಶುಲ್ಕ ಯಾರು ಕಟ್ಟುತ್ತಾರೆ, ಯಾವ ವರ್ಷದವರೆಗೆ? ಕೇಳುವುದಕ್ಕೆ ಸಂಕೋಚ ಬೇಡ. ಅದೇ ವಿಭಾಗದಲ್ಲಿ ಎರಡನೇ ಮೂರನೇ ವರ್ಷದಲ್ಲಿರುವ ಟಿಎಗಳಿಗೂ ಒಂದು ಇಮೇಲ್ ಬರೆಯಬೇಕು. ಪರೀಕ್ಷೆಯ ವಾರದಲ್ಲಿ ನಿಜವಾಗಿ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಕಚೇರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಸಾಮಾನ್ಯವಾಗಿ ಉತ್ತರವನ್ನೂ ಬಿಚ್ಚುಮನಸ್ಸಿನಿಂದಲೇ ಕೊಡುತ್ತಾರೆ.